ಡ್ರೈವರ್ ಮೂರು ಸಲ ಹಾಕಿದರೂ ಲಿಂಕರ್ ಬಿಡಲ್ಲ

ಪ್ರಶ್ನೆ: ವಿಂಡೋಸ್‌ನಲ್ಲಿ ವಿಶುವಲ್ ಸ್ಟುಡಿಯೋ ಹಾಕಿಕೊಂಡು ಸಿ ಪ್ಲಸ್ ಪ್ಲಸ್‌ನಲ್ಲಿ ಓಪನ್‌ಜಿಎಲ್ (ಗ್ರಾಫಿಕ್ಸ್ ಬಿಡಿಸುವ ಫಂಕ್ಷನ್‌ಗಳ ಗುಂಪು) ಕಲಿಯುತ್ತಿದ್ದೇನೆ. ಸಾದಾ ತ್ರಿಕೋನ ಬಂತು. ಮೂಲೆಬಿಂದುಗಳ ಮಾಹಿತಿ ಇಡುವ ವರ್ಟೆಕ್ಸ್ ಬಫರ್‌ಗಾಗಿ ಜಿಎಲ್‌ಜೆನ್‌ಬಫರ್ಸ್ ಬರೆದ ಕೂಡಲೇ ಎಲ್‌ಎನ್‌ಕೆ2019, 'ಅನ್‌ರಿಸಾಲ್ವ್ಡ್ ಎಕ್ಸ್‌ಟರ್ನಲ್ ಸಿಂಬಲ್' ಎಂಬ ಎರರ್. ಹೆಡರ್ ಸೇರಿಸಿದ್ದೇನೆ, ಗ್ರಾಫಿಕ್ಸ್ ಡ್ರೈವರ್ ಮೂರು ಸಲ ಹೊಸದು ಹಾಕಿದ್ದೇನೆ. ಗೆಳೆಯನ ಉಬುಂಟುವಿನಲ್ಲಿ ಇದೇ ಕೋಡ್ ಓಡುತ್ತದೆ. ಏನು ಮಾಡಲಿ?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲು ಡ್ರೈವರ್ ತಂಟೆ ಬಿಡಿ. ಕೋಡನ್ನೂ ಲೈಬ್ರರಿಗಳನ್ನೂ ಜೋಡಿಸಿ ಪ್ರೋಗ್ರಾಂ ಮಾಡುವ ಲಿಂಕರ್ ಅದರ ಮುಖವನ್ನೇ ನೋಡುವುದಿಲ್ಲ. ಡ್ರೈವರ್‌ಗೆ ಕೆಲಸ ಬರುವುದು ಪ್ರೋಗ್ರಾಂ ಓಡಲು ಶುರುವಾದ ಮೇಲೆ, ನೀವು ಸಿಕ್ಕಿಬಿದ್ದಿರುವುದು ಅದಕ್ಕಿಂತ ಮೊದಲೇ.

ಹೆಡರ್ ಎಂದರೆ ಫಂಕ್ಷನ್ ಹೆಸರುಗಳ ಪಟ್ಟಿ, ಹೋಟೆಲ್ ಮುಂದಿನ ಬೋರ್ಡ್ ಇದ್ದ ಹಾಗೆ. ಮಸಾಲೆ ದೋಸೆ ಅಂತ ಬರೆದಿದೆ, ಕಂಪೈಲರ್ ಓದಿ ಒಳಗೆ ಬಿಟ್ಟಿತು. ಅಡುಗೆಮನೆಗೆ ಹೋಗಿ ಹಿಟ್ಟು ಇದೆಯಾ ಅಂತ ನೋಡುವುದು ಲಿಂಕರ್. ವಿಂಡೋಸ್‌ನ ಓಪನ್‌ಜಿಎಲ್32 ಲೈಬ್ರರಿಯಲ್ಲಿ ಇರುವುದು ಓಪನ್‌ಜಿಎಲ್ 1.1ರ ಫಂಕ್ಷನ್‌ಗಳಷ್ಟೇ, ಅದು 1997ರ ಸರಕು! ಬಫರ್ ಫಂಕ್ಷನ್‌ಗಳು 1.5ಕ್ಕೆ, ಅಂದರೆ 2003ರಲ್ಲಿ ಸೇರಿದವು. 1.1ರ ನಂತರದ ಎಲ್ಲವನ್ನೂ ಪ್ರೋಗ್ರಾಂ ಓಡುವಾಗ ಡಬ್ಲ್ಯುಜಿಎಲ್‌ಗೆಟ್‌ಪ್ರಾಕ್‌ಅಡ್ರೆಸ್ ಎಂಬ ವಿಂಡೋಸ್ ಫಂಕ್ಷನ್ ಮೂಲಕ ಡ್ರೈವರ್‌ನಿಂದ ಒಂದೊಂದಾಗಿ ವಿಳಾಸ ಕೇಳಿ ತರಬೇಕು. ಗೆಳೆಯನ ಲಿನಕ್ಸ್‌ನಲ್ಲಿ ಜಿಎಲ್ ಲೈಬ್ರರಿಯೇ ಈ ಹೊಸ ಹೆಸರುಗಳನ್ನೂ ಹೊರಗೆ ಕೊಡುತ್ತದೆ, ಅದಕ್ಕೇ ಅಲ್ಲಿ ತಕರಾರಿಲ್ಲ.

ಆ ವಿಳಾಸ ತರುವ ಕೂಲಿ ಕೆಲಸವನ್ನು ಗ್ಲೂ (GLEW) ಅಥವಾ ಗ್ಲಾಡ್ (GLAD) ಎಂಬ ಸಹಾಯಕ ಲೈಬ್ರರಿಗಳು ಮಾಡಿಕೊಡುತ್ತವೆ. ನೀವು ಸೇರಿಸಿದ ಹೆಡರ್ ಯಾವುದು ಅಂತ ಬರೆದಿಲ್ಲ, ಆದರೆ ಎರರ್‌ನಲ್ಲೇ ಉತ್ತರ ಇರುತ್ತದೆ. ಸಿಂಬಲ್ ಹೆಸರನ್ನು ಅಕ್ಷರ ಅಕ್ಷರ ಓದಿ. ಬರೀ ಜಿಎಲ್‌ಜೆನ್‌ಬಫರ್ಸ್ ಅಂತಿದ್ದರೆ ಇವೆರಡರ ಹೆಡರೂ ಆ ಫೈಲಿಗೆ ಬಂದಿಲ್ಲ. ಹೆಸರಿನೊಳಗೆ 'ಗ್ಲೂ' ಕಂಡರೆ ಹೆಡರ್ ಸರಿ, ಲಿಂಕರ್ ಇನ್‌ಪುಟ್‌ನಲ್ಲಿ ಗ್ಲೂ32 ಲೈಬ್ರರಿ ಹಾಕಿಲ್ಲ. ಲೈಬ್ರರಿ ಹಾಕಿಯೂ ಹೆಸರಿನ ಶುರುವಿನಲ್ಲೇ 'ಇಂಪ್' ಅಂತ ಇದ್ದರೆ, ನೀವು ಕೊಟ್ಟಿರುವುದು ಹೆಸರಿನ ಕೊನೆಗೆ ಎಸ್ ಇರುವ ಸ್ಟ್ಯಾಟಿಕ್ (ಪ್ರೋಗ್ರಾಂ ಒಳಗೇ ಸೇರಿಹೋಗುವ) ಲೈಬ್ರರಿ ಇರಬಹುದು. ಆಗ ಹೆಡರ್‌ಗಿಂತ ಮೊದಲು ಗ್ಲೂ_ಸ್ಟ್ಯಾಟಿಕ್ ಡಿಫೈನ್ ಮಾಡಬೇಕು. ಗ್ಲಾಡ್ ಆದರೆ ಅದರ ಸಿ ಫೈಲನ್ನು ಪ್ರಾಜೆಕ್ಟ್‌ಗೆ ಸೇರಿಸಿ, ಬಹಳ ಜನ ಹೆಡರ್ ಮಾತ್ರ ಕಾಪಿ ಮಾಡಿ ಸುಮ್ಮನಾಗುತ್ತಾರೆ.

ಇಷ್ಟಾದರೂ ಹೋಗಲಿಲ್ಲವಾ? ಎರರ್ ಮೇಲಿನ ಹಳದಿ ಎಚ್ಚರಿಕೆಗಳನ್ನು ನೋಡಿ. ನಾನೊಮ್ಮೆ ಇಡೀ ರಾತ್ರಿ ಕೂತು, ಬೆಳಗ್ಗೆ ಕಾಫಿ ಕುಡಿಯುತ್ತಾ ಎಲ್‌ಎನ್‌ಕೆ4272 ಎಂಬ ಸಾಲು ಓದಿದೆ. ಪ್ರಾಜೆಕ್ಟ್ 64 ಬಿಟ್, ನಾನು ತೋರಿಸಿದ್ದ ಫೋಲ್ಡರ್ ವಿನ್32! ಗ್ಲೂ ಜಿಪ್‌ನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ಕಣ್ಣು ತಪ್ಪುವುದು ಸುಲಭ.

ಲಿಂಕ್ ಆದ ಮೇಲೆ ವಿಂಡೋ ತೆರೆದ ಕೂಡಲೇ ಕ್ರ್ಯಾಶ್ ಆದರೆ ಗಾಬರಿ ಬೇಡ. ವಿಳಾಸ ತರುವ ಗ್ಲೂಇನಿಟ್ ಅನ್ನು, ಕಾಂಟೆಕ್ಸ್ಟ್ (ಓಪನ್‌ಜಿಎಲ್ ಕೆಲಸ ಮಾಡುವ ಪರಿಸರ) ಮಾಡಿ ಅದನ್ನು ಕರೆಂಟ್ ಮಾಡಿದ ನಂತರವೇ ಕರೆಯಬೇಕು. ಮೊದಲೇ ಕರೆದರೆ ವಿಳಾಸದ ಜಾಗದಲ್ಲಿ ಸೊನ್ನೆ ಉಳಿಯುತ್ತದೆ. ಗ್ಲೂಇನಿಟ್ ಗ್ಲೂ_ಓಕೆ ಕೊಟ್ಟಿತಾ ಅಂತ ಒಂದು ಇಫ್ ಹಾಕಿ ನೋಡಿಕೊಂಡು ಮುಂದೆ ಹೋಗಿ.