ಟೀಚರ್‌ಗೊಂದು ಪ್ರಶ್ನೆ: ಅರ್ಧ ಬರೆದದ್ದನ್ನು ತೋರಿಸಬಹುದಾ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಸಂಶೋಧನೆ ಮಾಡುವ ಹುಡುಗ ಹುಡುಗಿಯರದ್ದು. ತಪ್ಪು ನನ್ನದೇ. ಬಿ.ಎಡ್. ಕಾಲೇಜಿನಲ್ಲಿ 29 ವರ್ಷ ಕಲಿಸಿದ ನನ್ನ ಪಿಎಚ್.ಡಿ. ಪ್ರಬಂಧವನ್ನು ಈವರೆಗೆ ಓದಿದವರು ನಾಲ್ಕೇ ಜನ, ಅದರಲ್ಲಿ ಒಬ್ಬಳು ನಾನು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಎಲ್ಲರಿಗೂ ಧೈರ್ಯ ಬಂದಿರಬೇಕು.

ಪ್ರಶ್ನೆ: ನಾವು ಐದು ಜನ ಭಾಷಾ ಬೋಧನೆಯ ಮೇಲೆ ಕೆಲಸ ಮಾಡುತ್ತಿದ್ದೇವೆ, ಇಬ್ಬರು ಎಂ.ಎಡ್., ಮೂವರು ಪಿಎಚ್.ಡಿ. ಎರಡನೇ ಶನಿವಾರ ದೇರಳಕಟ್ಟೆಯ ಗೆಳತಿಯ ರೂಮಿನಲ್ಲಿ ಸೇರಿ ಒಬ್ಬರ ಕೆಲಸವನ್ನು ಒಬ್ಬರಿಗೆ ಹೇಳಿಕೊಳ್ಳುವ ಆಸೆ. ನನ್ನ ಗೈಡ್ ಮಾತ್ರ ‘ಪ್ರಿಂಟ್ ಆಗುವವರೆಗೆ ಒಂದಕ್ಷರ ಯಾರಿಗೂ ತೋರಿಸಬೇಡ’ ಅನ್ನುತ್ತಾರೆ. ಏನು ಮಾಡಲಿ?
(ಓದುಗರು, ಕೊಣಾಜೆ)

ಉತ್ತರ: ಮೊದಲು ನನ್ನ ಕತೆ ಕೇಳು ಮಗಾ, ಗೈಡಿನದ್ದು ಮತ್ತೆ ನೋಡುವ.

1990ರ ದಶಕದಲ್ಲಿ ನಾನು ಕಾಪು, ಪಡುಬಿದ್ರಿ ಕಡೆಯ ಆರು ಶಾಲೆಗಳಿಗೆ ಬಸ್ಸಿನಲ್ಲಿ ಅಲೆದು ಐದನೇ ಕ್ಲಾಸಿನ ಮಕ್ಕಳ 212 ಉಕ್ತಲೇಖನ ಪುಸ್ತಕ ಒಟ್ಟು ಮಾಡಿದ್ದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ‘ಭಾಷೆ’ ಅಂದರೆ ‘ಬಾಷೆ’ ಬರೆಯುತ್ತಿದ್ದರು, ‘ಧನವಂತ’ ಅಂದರೆ ‘ದನವಂತ’. ತುಳುವಿನ ಸ್ವಂತ ಪದಗಳಲ್ಲಿ ಮಹಾಪ್ರಾಣ ಇಲ್ಲ, ಆದ್ದರಿಂದ ಈ ತಪ್ಪು ತುಳುವಿನದ್ದು ಅಂತ ನಾಲ್ಕನೇ ಅಧ್ಯಾಯ ಇಡೀ ಕಟ್ಟಿದೆ. ಕೋಷ್ಟಕಗಳಿಗೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ ಬೇರೆ. ಮೂರು ವರ್ಷ ಅದನ್ನು ಯಾರಿಗೂ ತೋರಿಸಲಿಲ್ಲ, ಹಾಸ್ಟೆಲಿನಲ್ಲಿ ಟ್ರಂಕಿಗೆ ಬೀಗ ಹಾಕಿ ಇಟ್ಟವಳು ನಾನು.

ವೈವಾ ದಿನ ಮೈಸೂರು ಕಡೆಯಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಒರೆಸುತ್ತಾ ಕೇಳಿದರು: ‘ಏನಮ್ಮಾ, ತುಳು ಕಿವಿಗೇ ಬೀಳದ ನಮ್ಮ ನಂಜನಗೂಡಿನ ಮಕ್ಕಳೂ ಬಾಷೆ ಅಂತಾನೇ ಬರೀತಾವಲ್ಲ, ಅದ್ಯಾವ ಭಾಷೆಯ ತಪ್ಪು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಕನ್ನಡದ ಆಡುಮಾತಿನಲ್ಲೇ ಹೆಚ್ಚಿನವರ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ, ಅದು ಉಳಿದದ್ದು ಬರಹದಲ್ಲಿ. ಕನ್ನಡವೇ ಮನೆಮಾತಾದ ಒಂದು ಶಾಲೆಯ ಮಕ್ಕಳ ಪುಸ್ತಕ ಪಕ್ಕದಲ್ಲಿಟ್ಟಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. ಅದೂ ಬೇಡ, ನನ್ನ ರೂಮ್‌ಮೇಟ್ ಶಿವಮೊಗ್ಗದವಳು. ಸಂಜೆ ಚಹಾ ಕುಡಿಯುವಾಗ ಒಂದು ಪುಟ ತೋರಿಸಿದ್ದರೆ ‘ನಮ್ಮಲ್ಲೂ ಹಂಗೇ ಕಣೆ’ ಅಂತ ಅವಳೇ ಹೇಳುತ್ತಿದ್ದಳು. ಆ ಅಧ್ಯಾಯ ತಿದ್ದಿ ಬರೆಯಲು ನನಗೆ 14 ತಿಂಗಳು ಹಿಡಿಯಿತು.

ಹಾಗಂತ ನಿನ್ನ ಗೈಡ್ ಹೇಳಿದ್ದು ಸುಳ್ಳಲ್ಲ. ಕದಿಯುವವರು ಇದ್ದಾರೆ. ಅವರಿಗೆ ತಿಳಿಯದ ಹಾಗೆ ಸೇರಬೇಡ, ‘ಸರ್, ಅಧ್ಯಾಯ ಕೊಡುವುದಿಲ್ಲ, ಸಂಶಯ ಮಾತ್ರ ಕೇಳುತ್ತೇನೆ’ ಅಂತ ಹೇಳಿಯೇ ಹೋಗು. ಒಂದು ದಪ್ಪ ನೋಟ್‌ಬುಕ್ ಇಡಿ. ತಾರೀಕು, ಯಾರು ಏನು ತಂದರು, ಯಾರು ಯಾವ ಸಲಹೆ ಕೊಟ್ಟರು, ಕೊನೆಗೆ ಐದೂ ಜನರ ಸಹಿ. ನಾಳೆ ‘ಇದು ನನ್ನ ಯೋಚನೆ’ ಅಂತ ಜಗಳ ಬಂದರೆ ಅದೇ ಸಾಕ್ಷಿ. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಅಂತರ್ಜಾಲದಲ್ಲಿ ಅವನ್ನೆಲ್ಲ ಇಡುವ ಶೋಧಗಂಗೋತ್ರಿಗೆ ಹೋಗಿದ್ದರೆ ನಿನ್ನ ವಿಷಯ ಈಗಾಗಲೇ ನಿನ್ನ ಹೆಸರಿನಲ್ಲಿ ಊರಿಗೆಲ್ಲ ತೆರೆದಿದೆ, ಮುಚ್ಚಿಡಲು ಉಳಿದದ್ದು ಕಡಿಮೆ. ಬರೆದ ಪ್ಯಾರಾಗಳನ್ನು ಮಾತ್ರ ಒಬ್ಬರಿಗೊಬ್ಬರು ಫೈಲ್ ಮಾಡಿ ಕಳಿಸಬೇಡಿ. ಕೃತಿಚೌರ್ಯ ತಡೆಯಲು ಯುಜಿಸಿ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ) ತಂದ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ 10 ಶೇಕಡಾದವರೆಗಿನ ಹೋಲಿಕೆಗೆ ದಂಡ ಇಲ್ಲ, ಅದು ದಾಟಿದರೆ ತಾಪತ್ರಯ. ಗೆಳತಿಯ ವಾಕ್ಯ ಗೊತ್ತಿಲ್ಲದೆ ನಿನ್ನದರೊಳಗೆ ಸೇರಿಕೊಂಡರೂ ಸಾಫ್ಟ್‌ವೇರಿಗೆ ಸ್ನೇಹ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು, ಪಿಪಿಟಿ ಬೇಡ. ಐದು ಜನರ ಮುಂದೆ ಸ್ಲೈಡ್ ತಿರುಗಿಸಿದರೆ ಎಲ್ಲರೂ ‘ಚೆನ್ನಾಗಿದೆ’ ಅಂದು ಬನ್ಸ್ ತಿಂದು ಹೋಗುತ್ತಾರೆ. ಪ್ರತಿಯೊಬ್ಬರೂ ಒಂದು ಪುಟ ತನ್ನಿ, ಅದರಲ್ಲಿ ನಿಮಗೇ ನಂಬಿಕೆ ಕಡಿಮೆ ಇರುವ ಜಾಗಕ್ಕೆ ಗೆರೆ ಎಳೆದಿರಿ. ಮಾತು ಅಲ್ಲಿಂದ ಶುರುವಾಗಲಿ.

ಪ್ರಶ್ನೆ: ಥೀಸಿಸ್ ಕೊಡುವ ಮೊದಲು ಜರ್ನಲ್‌ನಲ್ಲಿ ಲೇಖನ ಬರಲೇಬೇಕಾ? 6,000 ರೂಪಾಯಿ ಕಟ್ಟಿದರೆ ಎಂಟು ದಿನದಲ್ಲಿ ಹಾಕುತ್ತೇವೆ ಅಂತ ವಾಟ್ಸಾಪ್ ಬಂದಿದೆ.
(ಓದುಗರು, ಸುರತ್ಕಲ್)

ಉತ್ತರ: ಯುಜಿಸಿ 2022ರ ನವೆಂಬರಿನ ನಿಯಮದಲ್ಲಿ ಆ ಕಡ್ಡಾಯ ತೆಗೆದಿದೆ. ನಿಮ್ಮ ವಿಶ್ವವಿದ್ಯಾನಿಲಯ ತನ್ನದೇ ನಿಯಮ ಇಟ್ಟುಕೊಂಡಿದೆಯಾ ಅಂತ ಪಿಎಚ್.ಡಿ. ಸೆಕ್ಷನ್ನಿನಲ್ಲಿ ಕೇಳಿ. ಎಂಟು ದಿನದಲ್ಲಿ ಮಾವಿನಮಿಡಿಯೂ ಭರಣಿಯಲ್ಲಿ ಹದಕ್ಕೆ ಬರುವುದಿಲ್ಲ ಮಾರಾಯ್ರೆ, ನಿಮ್ಮ ಲೇಖನವನ್ನು ಯಾರು ಓದಿ ನೋಡಿಯಾರು? ದುಡ್ಡು ಬ್ಯಾಗಿನಲ್ಲೇ ಇರಲಿ.

ಪ್ರಶ್ನೆ: ಕಾರ್ಕಳದ ಹತ್ತಿರದ ಹೈಸ್ಕೂಲಿನಲ್ಲಿ ಆರು ವಾರ ಚಟುವಟಿಕೆಗಳ ಮೂಲಕ ಇಂಗ್ಲಿಷ್ ಕಲಿಸಿದೆ. ಕೊನೆಯ ಟೆಸ್ಟಿನಲ್ಲಿ ಮಾರ್ಕು ಏನೂ ಹೆಚ್ಚಲಿಲ್ಲ. ಸೆಮಿನಾರಿನಲ್ಲಿ ಇದನ್ನು ಹೇಳಿದರೆ ಮರ್ಯಾದೆ ಹೋಗುತ್ತದೆ ಅಂತ ಗೆಳೆಯರು ಹೆದರಿಸುತ್ತಾರೆ.
(ಎಂ.ಎಡ್. ವಿದ್ಯಾರ್ಥಿ, ಉಡುಪಿ)

ಉತ್ತರ: ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ಬೆಂಗಳೂರು ಪ್ರಾಜೆಕ್ಟ್ ಬಗ್ಗೆ ನಿಮಗೆ ಕ್ಲಾಸಿನಲ್ಲಿ ಎರಡು ಸಾಲು ಹೇಳಿರುತ್ತಾರೆ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್, ಕಡಲೂರಿನಂಥ ಕಡೆ ಸಾಮಾನ್ಯ ಶಾಲೆಗಳಲ್ಲಿ ನಡೆದದ್ದು. ವ್ಯಾಕರಣ ಪಾಠ ಇಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹಿಡಿಯಬೇಕು ಹೇಳು, ನಕ್ಷೆ ನೋಡಿ ದಾರಿ ಹೇಳು, ಇಂಥವು. ಮೊದಲು ಅಂಥದ್ದೇ ಒಂದು ಕೆಲಸವನ್ನು ಇಡೀ ಕ್ಲಾಸಿನ ಜೊತೆ ಮಾತಾಡುತ್ತಾ ಮಾಡುವುದು, ಆಮೇಲೆ ಮಕ್ಕಳೇ ಮಾಡುವುದು. ಇವತ್ತು ಜಗತ್ತಿನಲ್ಲೆಲ್ಲ ಟಾಸ್ಕ್ ಆಧಾರಿತ ಬೋಧನೆಯ ಮಾತು ಬಂದರೆ ನಮ್ಮ ಈ ಶಾಲೆಗಳ ಹೆಸರು ಬರುತ್ತದೆ. ಯಾವ ಟಾಸ್ಕ್ ಕ್ಲಾಸಿನಲ್ಲಿ ನಿಂತಿತು, ಯಾವುದು ಮಗುಚಿತು ಅಂತ ನೋಡಿ ನೋಡಿಯೇ ಆ ಪದ್ಧತಿ ರೂಪುಗೊಂಡದ್ದು. ಅವರದ್ದೊಂದು ಲೆಕ್ಕ ನನಗೆ ಬಹಳ ಇಷ್ಟ: ಕ್ಲಾಸಿನ ಅರ್ಧದಷ್ಟು ಮಕ್ಕಳಿಗೆ ಕೆಲಸದ ಅರ್ಧದಷ್ಟಾದರೂ ಸರಿಯಾಗಿ ಬರಬೇಕು, ಬರದಿದ್ದರೆ ಆ ಟಾಸ್ಕ್ ತೀರಾ ಕಷ್ಟದ್ದು.

ನಿಮ್ಮ ಆರು ವಾರವನ್ನು ಆ ಅಳತೆಯಲ್ಲಿ ನೋಡಿ. ಟಾಸ್ಕುಗಳಲ್ಲಿ ಮಕ್ಕಳು ಎಷ್ಟು ಮಾಡಿದರು ಅಂತ ದಿನದಿನದ ಗುರುತು ಉಂಟಾ? ಕೊನೆಯ ಟೆಸ್ಟ್ ಏನನ್ನು ಕೇಳಿತ್ತು? ಬಿಟ್ಟ ಸ್ಥಳ ತುಂಬಿಸಿ, ಕಾಲ ಬದಲಾಯಿಸಿ ಅಂತ ಕೇಳಿದ್ದರೆ, ಈಜು ಕಲಿಸಿ ದೋಣಿ ಹುಟ್ಟು ಹಾಕುವ ಪರೀಕ್ಷೆ ಇಟ್ಟ ಹಾಗಾಯಿತು. ಇಷ್ಟನ್ನೂ ಸೆಮಿನಾರಿನಲ್ಲಿ ಹೇಳಿ. ಮಾರ್ಕು ಹೆಚ್ಚಿದೆ ಅನ್ನುವ ಹನ್ನೊಂದು ಪೇಪರ್ ಕೇಳಿ ಜೋಂಪು ಹತ್ತಿದವರೆಲ್ಲ ಹನ್ನೆರಡನೆಯದಕ್ಕೆ ಎದ್ದು ಕೂರುತ್ತಾರೆ.

ಪ್ರಶ್ನೆ: ನಾನು ಡೇಟಾ ತೆಗೆದ ಶಾಲೆಯ ಟೀಚರ್ ‘ನಿಮಗೆ ಎಂತ ಸಿಕ್ಕಿತು, ನಮಗೂ ಹೇಳಿ’ ಅಂದರು. ನನ್ನದು ‘ದ್ವಿಭಾಷಿಕ ಅಧ್ಯೇತೃಗಳಲ್ಲಿ ಮಾತೃಭಾಷಾ ಹಸ್ತಕ್ಷೇಪ’. ಅವರಿಗೆ ಹೇಗೆ ಹೇಳಲಿ?
(ಓದುಗರು, ಬ್ರಹ್ಮಾವರ)

ಉತ್ತರ: ಹಸ್ತಕ್ಷೇಪ! ಮಗು ಮನೆಯ ಮಾತು ತಂದದ್ದಕ್ಕೆ ಪೊಲೀಸ್ ಕಂಪ್ಲೇಂಟ್ ಕೊಟ್ಟ ಹಾಗೆ ಕೇಳುತ್ತದೆ. ಆ ಶಬ್ದವನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಹೋಗಿ. ಕ್ಲಾಸಿನಲ್ಲಿ ಕಂಡ ಒಂದು ಸಂಗತಿಯಿಂದ ಶುರು ಮಾಡಿ.

ನನಗೆ ಸಿಕ್ಕಿದ ಒಂದನ್ನು ಹೇಳುತ್ತೇನೆ. ‘ನಾಳೆ ನಾವು ಮಲ್ಪೆಗೆ ಹೋಗುತ್ತೇವೆ’ ಅಂತ ಟೀಚರ್ ಹೇಳಿದರು. ಹಿಂದಿನ ಬೆಂಚಿನ ಹುಡುಗಿ ಎದ್ದು, ‘ನಾವು ಅಂದರೆ ನಾವೂ ಉಂಟಾ, ನೀವು ಟೀಚರ್‌ಗಳು ಮಾತ್ರವಾ?’ ಅಂದಳು. ಎಲ್ಲರೂ ನಕ್ಕರು. ನಗುವ ಪ್ರಶ್ನೆ ಅಲ್ಲ ಅದು. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿದರೆ ‘ನಮ’, ಅವರನ್ನು ಬಿಟ್ಟರೆ ‘ಎಂಕುಳು’. ಕನ್ನಡದ ‘ನಾವು’ ಎರಡಕ್ಕೂ ಒಂದೇ. ಆ ಮಗು ಕನ್ನಡದಲ್ಲಿ ಹಿಂದೆ ಬಿದ್ದದ್ದಲ್ಲ, ಕನ್ನಡದಲ್ಲಿ ಇಲ್ಲದ ಒಂದು ಭೇದವನ್ನು ಹುಡುಕುತ್ತಿತ್ತು. ಇದನ್ನು ಹೇಳಿದ ದಿನ ಆ ಶಾಲೆಯ ಹೆಡ್‌ಮಾಸ್ಟರು ಚಹಾ ತರಿಸಿ, ಇಂಥವು ಇನ್ನೂ ಆರೇಳು ಅವರೇ ಕೊಟ್ಟರು. ಅವು ನನ್ನ 212 ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲ. ಶಬ್ದಗಳ ಬಗ್ಗೆ ಸಂಶಯ ಬಂದರೆ ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟಗಳ ತುಳು ನಿಘಂಟು ನೋಡಿ, ಊರೂರಿನ ರೂಪಗಳು ಅದರಲ್ಲಿ ಉಂಟು.

ಪ್ರಶ್ನೆ: ಮಕ್ಕಳ ಮಾತಿನ ರೆಕಾರ್ಡಿಂಗನ್ನು ನಮ್ಮ ಗ್ರೂಪಿನಲ್ಲಿ ಹಾಕಬಹುದಾ? ಹೆಸರು ಹಾಕುವುದಿಲ್ಲ.
(ಓದುಗರು, ಮಂಗಳೂರು)

ಉತ್ತರ: ಬೇಡ. ‘ಪಡುಕೆರೆ ಬದಿಯ ಶಾಲೆ, ಐದನೇ ಕ್ಲಾಸು, ಬೋಟಿಗೆ ಹೋಗುವವರ ಮಗ’ ಅಂದರೆ ಇನ್ನು ಹೆಸರು ಯಾಕೆ? ತಂದೆ ತಾಯಿ ಒಪ್ಪಿದ್ದು ನಿಮಗೆ, ಗ್ರೂಪಿಗಲ್ಲ. ಮಾತನ್ನು ಬರೆದು, ಊರು ಬದಲಿಸಿ, ಕಾಗದದಲ್ಲಿ ತೋರಿಸಿ, ವಾಪಸ್ ತೆಗೆದುಕೊಳ್ಳಿ.

ಪ್ರಶ್ನೆ: ಟೀಚರ್, ನಿಮ್ಮ ಪ್ರಬಂಧ ಓದಲು ಸಿಗುತ್ತದಾ?
(ಮೂರು ಜನ, ಬೇರೆ ಬೇರೆ ಊರಿನಿಂದ)

ಉತ್ತರ: ಒಂದು ಪ್ರತಿ ಲೈಬ್ರರಿಯಲ್ಲಿ, ಒಂದಕ್ಕೆ ಗೆದ್ದಲು ಹಿಡಿಯಿತು, ಕೆಂಪು ರೆಕ್ಸಿನ್ ಹೊದಿಕೆಯ ಒಂದು ನನ್ನ ಕಪಾಟಿನಲ್ಲಿ. ಪತ್ರಿಕೆಯ ಕಚೇರಿಗೆ ಬರೆದರೆ ನನಗೆ ತಲುಪಿಸುತ್ತಾರೆ, ಮನೆಗೇ ಬಂದು ಕೂತು ಓದಿ. ಅದು ತಿದ್ದುವ ಮೊದಲಿನ ಪ್ರತಿ. ನಾಲ್ಕನೇ ಅಧ್ಯಾಯದ ಮೊದಲ ಪುಟದ ಅಂಚಿನಲ್ಲಿ ಪರೀಕ್ಷಕರ ಪೆನ್ಸಿಲ್ ಅಕ್ಷರದಲ್ಲಿ ‘ನಂಜನಗೂಡು?’ ಅಂತ ಉಂಟು. ಅಲ್ಲಿಂದ ಶುರು ಮಾಡಿ.