ವಿಟಮಿನ್ ಡಿ ಕಡಿಮೆ ಇದ್ದರೆ ಹೃದಯಕ್ಕೆ ತೊಂದರೆ ಆಗುತ್ತಾ?

ಡಿ ಕಡಿಮೆ ಇರುವವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣುತ್ತದೆ, ಅದು ನಿಜ. ಆದರೆ ಅದೇ ಕಾರಣ ಅಂತ ಹೇಳಲು ಆಗುವುದಿಲ್ಲ. ಕಾಯಿಲೆಯಿಂದ ಮನೆಯೊಳಗೇ ಇರುವವರು ಬಿಸಿಲಿಗೆ ಬರುವುದೇ ಅಪರೂಪ, ಹಾಗಾಗಿ ಅವರಲ್ಲಿ ಡಿ ಇಳಿಯುತ್ತದೆ; ಮೈತೂಕ ಹೆಚ್ಚಿರುವವರಲ್ಲೂ ಡಿ ಕಡಿಮೆಯೇ ಇರುತ್ತದೆ, ಹೃದಯದ ಅಪಾಯ ಹೆಚ್ಚಿರುವುದೂ ಇವರಿಗೇ, ಅಲ್ವಾ? ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನರ ಪೈಕಿ ಅರ್ಧದಷ್ಟು ಜನಕ್ಕೆ ದಿನಕ್ಕೆ 2000 ಐಯು (ವಿಟಮಿನ್ ಅಳೆಯುವ ಮಾನ) ಡಿ, ಉಳಿದವರಿಗೆ ಡಿ ಇಲ್ಲದ ಅದೇ ರೀತಿಯ ಮಾತ್ರೆ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. 2018ರಲ್ಲಿ ಫಲಿತಾಂಶ ಬಂತು: ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಿರಲಿಲ್ಲ.

ಹಾಗಂತ ಕೊರತೆ ಇದ್ದರೆ ಬಿಡಬೇಡಿ, ಮೂಳೆಗೆ ಡಿ ಬೇಕೇ ಬೇಕು. ಹೃದಯಕ್ಕೆ ಒಳ್ಳೆಯದು ಅಂತ ಸುಮ್ನೆ ದೊಡ್ಡ ಡೋಸ್ ಮಾತ್ರ ದಯವಿಟ್ಟು ನುಂಗಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಎದೆಬಡಿತದ ಲಯವೇ ತಪ್ಪಬಹುದು.