ಮನೆಯಲ್ಲಿ ಕೂತರೆ ಜರ್ನಲ್ ಯಾಕೆ ತೆರೆಯೋದಿಲ್ಲ?

ಪ್ರಶ್ನೆ: ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ ಮಾಡುತ್ತಿದ್ದೇನೆ. ಕ್ಯಾಂಪಸ್‌ನಲ್ಲಿ ಸಲೀಸಾಗಿ ತೆರೆಯುವ ಜರ್ನಲ್ (ಸಂಶೋಧನಾ ಪತ್ರಿಕೆ) ಲೇಖನ ಊರಿಗೆ ಬಂದರೆ ದುಡ್ಡು ಕೇಳುತ್ತದೆ. ಏನು ಮಾಡಲಿ, ಸರ್?
- ಸಂಶೋಧನಾ ವಿದ್ಯಾರ್ಥಿನಿ, ಶಿರಸಿ

ಉತ್ತರ: ಮೊದಲಿಗೆ, ಕೈಯಿಂದ ದುಡ್ಡು ಕಟ್ಟಬೇಡಿ. ಕ್ಯಾಂಪಸ್‌ನಲ್ಲಿ ಅದು ತೆರೆಯುತ್ತದೆ ಎಂದರೆ ಅದರ ಚಂದಾ ಆಗಲೇ ಸಂದಾಯವಾಗಿದೆ ಎಂದರ್ಥ.

ಪ್ರಕಾಶಕರಿಗೆ ನಿಮ್ಮ ಹೆಸರು ಗೊತ್ತಿಲ್ಲ. ಅವರು ನೋಡುವುದು ಕ್ಯಾಂಪಸ್ ಇಂಟರ್ನೆಟ್‌ನ ಐಪಿ ವಿಳಾಸ, ಅಂದರೆ ಆ ಸಂಪರ್ಕದ ಗುರುತಿನ ಸಂಖ್ಯೆ ಮಾತ್ರ. ಮನೆಯ ಮೊಬೈಲ್ ಡೇಟಾದಲ್ಲಿ ಹೋದರೆ ನೀವು ಯಾರೋ ಹೊರಗಿನವರು. ಇದಕ್ಕಾಗಿಯೇ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ, ಹೊರಗಿನಿಂದಲೂ ಲಾಗಿನ್ ಆಗಲು 'ಇನ್‌ಫೆಡ್' ಎಂಬ ವ್ಯವಸ್ಥೆ ಮಾಡಿದೆ. ಗ್ರಂಥಾಲಯದಲ್ಲಿ ಕೇಳಿ ಅದರ ಲಾಗಿನ್ ಪಡೆಯಿರಿ. ಜಾಸ್ತಿ ಜನ ಎಡವುವುದು ಮುಂದಿನ ಹಂತದಲ್ಲಿ. ಆ ಲಾಗಿನ್ ಅನ್ನು ಪ್ರಕಾಶಕರ ಪುಟದಲ್ಲಿ ನೇರವಾಗಿ ಹಾಕಿ, ಕೆಲಸ ಮಾಡಲಿಲ್ಲ ಅಂತ ಸುಮ್ಮನಾಗುತ್ತಾರೆ. ಹಾಗಲ್ಲ. 'ಸಂಸ್ಥೆಯ ಮೂಲಕ ಲಾಗಿನ್' ಎಂಬ ಅರ್ಥದ ಗುಂಡಿ ಅಲ್ಲೇ ಎಲ್ಲೋ ಇರುತ್ತದೆ. ಅದನ್ನು ಒತ್ತಿ, ಇನ್‌ಫೆಡ್ ಅಥವಾ ನಿಮ್ಮ ವಿಶ್ವವಿದ್ಯಾಲಯದ ಹೆಸರು ಆರಿಸಿ, ಆಮೇಲೆ ಲಾಗಿನ್ ಹಾಕಿ. ಕೆಲವು ವಿಶ್ವವಿದ್ಯಾಲಯಗಳು ಇದಕ್ಕೆ ಬೇರೆ ತಂತ್ರಾಂಶ ಬಳಸುತ್ತವೆ. ಅದನ್ನೂ ಗ್ರಂಥಪಾಲಕರೇ ಹೇಳಬೇಕು.

ಇನ್ನೊಂದು ಮಾತು. 2025ರಿಂದ 'ಒಂದು ದೇಶ, ಒಂದು ಚಂದಾ' ಯೋಜನೆ ಜಾರಿಯಲ್ಲಿದೆ. ಇದಕ್ಕೆ ಮೂರು ವರ್ಷಕ್ಕೆ ಕೇಂದ್ರ ಸರ್ಕಾರ ಇಟ್ಟಿರುವ ಹಣ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಇಷ್ಟು ದುಡ್ಡು ಸುರಿದ ಮೇಲೆ ಲಾಗಿನ್ ಮಾಡಿಕೊಳ್ಳುವುದು ಹೇಗೆ ಅಂತ ಪ್ರತಿ ವಿಭಾಗದಲ್ಲೂ ಒಂದು ತರಗತಿ ನಡೆಸಬಹುದಿತ್ತು, ಅಲ್ವಾ?

ಚಂದಾದಲ್ಲಿ ಇಲ್ಲದ ಲೇಖನವಾದರೆ ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಅದರ ಎಲ್ಲ ಆವೃತ್ತಿಗಳನ್ನೂ ನೋಡಿ. ಲೇಖಕರೇ ಹಾಕಿದ ಉಚಿತ ಪ್ರತಿ ಎಷ್ಟೋ ಸಲ ಅಲ್ಲಿರುತ್ತದೆ. ಇಲ್ಲದಿದ್ದರೆ ಲೇಖಕರಿಗೇ ಒಂದು ಮೇಲ್ ಬರೆಯಿರಿ, ಸಂಕೋಚ ಬೇಡ.

ಪ್ರಶ್ನೆ: ಜಾನಪದದಲ್ಲಿ ಸಂಶೋಧನೆಗೆ ವಿಷಯ ಆರಿಸಿದ್ದೇನೆ. ಈ ಬಗ್ಗೆ ಮೊದಲೇ ಯಾರಾದರೂ ಮಾಡಿದ್ದಾರಾ ಅಂತ ಪಿಎಚ್.ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಹುಡುಕಿದರೆ ಏನೂ ಸಿಗುತ್ತಿಲ್ಲ.
- ಓದುಗರೊಬ್ಬರು, ಹಾವೇರಿ

ಉತ್ತರ: ಸಿಗಲಿಲ್ಲ ಅಂದ ಮಾತ್ರಕ್ಕೆ ಯಾರೂ ಮಾಡಿಲ್ಲ ಅಂತಲ್ಲ. ಕನ್ನಡ ಪ್ರಬಂಧಗಳ ಶೀರ್ಷಿಕೆ ಒಂದು ಕಡೆ ಕನ್ನಡ ಲಿಪಿಯಲ್ಲಿದ್ದರೆ ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಇಂಗ್ಲಿಷ್ ಅಕ್ಷರವಾದರೆ ಕಾಗುಣಿತ ಬರೆದವರ ಇಷ್ಟ. ಎರಡೂ ರೀತಿ ಹುಡುಕಿ. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ವಿಶ್ವವಿದ್ಯಾಲಯದ ಹೆಸರು ಒತ್ತಿ, ಕನ್ನಡ ಅಥವಾ ಜಾನಪದ ವಿಭಾಗಕ್ಕೆ ಹೋಗಿ ಪಟ್ಟಿಯನ್ನೇ ಓದುವುದು. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಕಣ್ತಪ್ಪುವುದು ಕಡಿಮೆ. ಪ್ರಬಂಧದ ಒಂದೊಂದು ಅಧ್ಯಾಯಕ್ಕೂ ಅಲ್ಲಿ ಬೇರೆ ಬೇರೆ ಪಿಡಿಎಫ್ ಇರುತ್ತದೆ. ನಾನಾದರೆ ಮೊದಲು ಗ್ರಂಥಋಣದ ಪಿಡಿಎಫ್ ತೆರೆಯುತ್ತೇನೆ. ಆ ವಿಷಯದ ಹಳೆಯ ಪುಸ್ತಕಗಳೆಲ್ಲ ಒಂದೇ ಕಡೆ ಸಿಗುತ್ತವೆ.

ಪ್ರಬಂಧ ಇನ್ನೂ ಮುಗಿಯದವರ ಸಾರಲೇಖ 'ಶೋಧಗಂಗೋತ್ರಿ'ಯಲ್ಲಿರುತ್ತದೆ. ವಿಷಯ ನೋಂದಾಯಿಸುವ ಮುಂಚೆ ಅಲ್ಲೂ ಒಮ್ಮೆ ಹುಡುಕಿ.